ನಮ್ಮವರ ಎಡಗೈ

ನಮ್ಮವರ ಎಡಗೈಯನ್ನು ನಾನು ಇಪ್ಪತ್ತೆರಡು ವರ್ಷ ಸಾಕಿದ್ದೇನೆ. ಹೆತ್ತ ಮಕ್ಕಳನ್ನೂ ಅಷ್ಟು ಮುದ್ದಿನಿಂದ ಸಾಕಲಿಲ್ಲ. ಆ ಕೈ ತರಕಾರಿ ಚೀಲ ಹೊರುವಂತಿರಲಿಲ್ಲ, ಬಕೆಟ್ ಎತ್ತುವಂತಿರಲಿಲ್ಲ. ಮಲಗಿದಾಗ ಅದಕ್ಕೇ ಬೇರೆ ಒಂದು ದಿಂಬು. ಬಸ್ಸಿನಲ್ಲಿ ಯಾರಾದರೂ ಆ ಕಡೆಯಿಂದ ಒತ್ತಿದರೆ "ಸ್ವಲ್ಪ ನೋಡ್ಕೊಂಡು ನಿಂತ್ಕೊಳ್ರೀ" ಎಂದು ಜಗಳಕ್ಕೆ ನಿಲ್ಲುತ್ತಿದ್ದವಳು ನಾನೇ. ನಮ್ಮ ಹೊಟ್ಟೆಪಾಡು ಆ ಕೈಯ ಮೇಲೆ ನಿಂತಿತ್ತು.

ನಮ್ಮದು ಬಿಪಿ ಮೀಟರ್ ರಿಪೇರಿ ಅಂಗಡಿ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಗುಂಡು ಒತ್ತಿ ಗಾಳಿ ತುಂಬಿ, ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ನೋಡುತ್ತಾರಲ್ಲ, ಅದೇ ಮೀಟರ್. ಬಿಲ್ಲೆಯ ಒಳಗಿನ ಸ್ಪ್ರಿಂಗು, ಹಲ್ಲುಚಕ್ರ, ಮುಳ್ಳು ನಮ್ಮವರ ಪಾಲು. ಬಟ್ಟೆಯ ಪಟ್ಟಿ ಹೊಲಿಯುವುದು, ಅದರೊಳಗಿನ ರಬ್ಬರ್ ಚೀಲ ಬದಲಿಸುವುದು ನನ್ನ ಪಾಲು. ಚೀಲವನ್ನು ಎರಡು ಬೆರಳಲ್ಲಿ ಚಿವುಟಿದರೆ ಸಾಕು, ಅದರ ವಯಸ್ಸು ಹೇಳಿಬಿಡುತ್ತೇನೆ. ಎಳೆಯದು ಹೇಳಿದ ಮಾತು ಕೇಳುತ್ತದೆ, ಹಿಗ್ಗು ಎಂದರೆ ಹಿಗ್ಗುತ್ತದೆ. ಹಳೆಯದು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ, ಥೇಟ್ ನಮ್ಮವರ ಹಾಗೆ.

ಬೀದಿ ಕಡೆಯ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಅವರ ಮೇಜು, ಬಾಗಿಲ ಬಳಿ ನನ್ನ ಹೊಲಿಗೆ ಯಂತ್ರ. ಊರವರು ಅವರನ್ನು ಮೀಟರ್ ಮೇಷ್ಟ್ರು ಎನ್ನುತ್ತಿದ್ದರು. ನನ್ನನ್ನು ಏನೆನ್ನುತ್ತಿದ್ದರೋ ಗೊತ್ತಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳ ಎದುರಿಗೆ ಅದನ್ನೆಲ್ಲ ಯಾರು ಹೇಳುತ್ತಾರೆ? ನನಗೆ ಆಗಾಗ ಹಿಂದಲೆ ಸಿಡಿಯುತ್ತದೆ. ಅದಕ್ಕೆ ಕಾರಣ ಯಾರು ಎಂದು ಕೇಳಿದವರಿಗೆಲ್ಲ ಕಿಟಕಿಯ ಕಡೆ ಬೆರಳು ತೋರಿಸುತ್ತಿದ್ದೆ.

ರಿಪೇರಿ ಮಾಡಿದ ಮೀಟರ್ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಅಳತೆ ಬೇಕಲ್ಲ. ಮೊದಲು ನಮ್ಮಲ್ಲಿ ಪಾದರಸದ ಕಂಬ ಇತ್ತು. ಉದ್ದನೆಯ ಗಾಜಿನ ಕೊಳವೆ, ಅದರೊಳಗೆ ಪಾದರಸ. ಗಾಳಿ ಒತ್ತಿದರೆ ಪಾದರಸ ಏರುತ್ತದೆ, ಅದರ ಜೊತೆಗೆ ಮುಳ್ಳೂ ಅಷ್ಟೇ ಏರಬೇಕು. ನಮ್ಮವರಿಗೆ ಕೆಲಸ ಕಲಿಸಿದ ಗುರು ಕೊಟ್ಟದ್ದು. ಅದು ಇಪ್ಪತ್ತೆರಡು ವರ್ಷದ ಹಿಂದೆ ಒಡೆಯಿತು. ಒಡೆದವಳು ನಾನೇ. ಮೇಲಿನ ಹಲಗೆಯಿಂದ ಬಟ್ಟೆಯ ಸುರುಳಿ ಎಳೆದೆ, ಸುರುಳಿಯ ಹಿಂದೆಯೇ ಕಂಬವೂ ಬಂತು.

ಹೊಸ ಕಂಬ ಬರುವುದಕ್ಕೆ ಎರಡು ತಿಂಗಳು ಬೇಕು ಎಂದರು. ಕ್ಲಿನಿಕ್ಕಿನವರು ಬಾಗಿಲಲ್ಲಿ ನಿಂತಿದ್ದರು. ನಮ್ಮವರು ಒಂದು ನಿಮಿಷ ಗಲ್ಲ ಕೆರೆದು, "ನಿನ್ನೆ ತಾನೇ ಕಂಬದಲ್ಲಿ ನನ್ನ ಕೈ ನೋಡಿದ್ದೆ ಕಣೇ. ಮೇಲೆ ನೂರ ಇಪ್ಪತ್ತು, ಕೆಳಗೆ ಎಂಬತ್ತು. ಒಂದು ಗೆರೆ ಆಚೆ ಇಲ್ಲ, ಈಚೆ ಇಲ್ಲ. ಅಲ್ಲೀವರೆಗೂ ಈ ಕೈನೇ ಕಂಬ" ಎಂದರು. ಅಂದಿನಿಂದ ಎಡತೋಳಿಗೆ ಪಟ್ಟಿ ಸುತ್ತಿ, ಐದು ನಿಮಿಷ ಕಣ್ಣು ಮುಚ್ಚಿ ಕೂತು, ಕಿವಿಗೆ ಸ್ಟೆತಸ್ಕೋಪ್ ಸಿಕ್ಕಿಸಿ ಗಾಳಿ ಬಿಡುವುದು. ಮೊದಲ ಸದ್ದು ಕೇಳಿದಾಗ ಮುಳ್ಳು ನೂರ ಇಪ್ಪತ್ತರಲ್ಲಿ ಇರದಿದ್ದರೆ ಒಳಗಿನ ಸಣ್ಣ ತಿರುಪು ತಿರುಗಿಸಿ ಅಲ್ಲಿಗೇ ತರುವುದು. ಆ ಐದು ನಿಮಿಷ ನಾನು ಬೈಯುವಂತಿರಲಿಲ್ಲ, ಬೈದರೆ ಅಳತೆ ಕೆಡುತ್ತದೆ. ದಿನಕ್ಕೆ ಏಳೆಂಟು ಸಲ ನನ್ನ ಬಾಯಿಗೆ ಬೀಗ. ಹೊಸ ಕಂಬ ತರಿಸುವ ಮಾತನ್ನು ಅವರು ಯಾಕೆ ಮರೆತರು ಎಂದು ನನಗೆ ಚೆನ್ನಾಗಿ ಗೊತ್ತಿದೆ.

ಕೊನೆಗೆ ಮೀಟರ್ ಬೆನ್ನಿಗೆ ಒಂದು ಹಳದಿ ಚೀಟಿ ಅಂಟಿಸುತ್ತಿದ್ದರು. 'ಪರೀಕ್ಷಿಸಿದ ದಿನ' ಎಂದು ಒಂದು ಸಾಲು, 'ಮುಂದಿನ ಪರೀಕ್ಷೆ' ಎಂದು ಇನ್ನೊಂದು, ಸರಿಯಾಗಿ ಒಂದು ವರ್ಷಕ್ಕೆ. ವರ್ಷ ದಾಟಿದ ಮೀಟರನ್ನು ಯಾರಾದರೂ ಬಳಸುವುದು ಕಂಡರೆ ಸಿಡಿದೇಳುತ್ತಿದ್ದರು. "ಸ್ಪ್ರಿಂಗ್ ಅನ್ನೋದು ಮನುಷ್ಯನ ಹಾಗಲ್ಲ ಸ್ವಾಮಿ, ವರ್ಷ ಕಳೆದ ಹಾಗೆ ಬದಲಾಗತ್ತೆ!" ಎನ್ನುತ್ತಿದ್ದರು. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ.

ವರ್ಷ ಕಳೆದಂತೆ ತಿರುಪನ್ನು ಹೆಚ್ಚು ಹೆಚ್ಚು ತಿರುಗಿಸಬೇಕಾಗಿ ಬಂತು. ಡಬ್ಬಿಯಿಂದ ಆಗಷ್ಟೇ ತೆಗೆದ ಹೊಸ ಮೀಟರ್ ಕೂಡ ಅವರ ಕೈಯಲ್ಲಿ ಜಾಸ್ತಿ ತೋರಿಸುತ್ತಿತ್ತು. "ಈಗಿನ ಕಂಪನಿ ಮಾಲು ಅಷ್ಟೇ ಕಣೇ, ಸ್ಪ್ರಿಂಗ್ ಬಿಗಿ" ಎಂದು ನಿಟ್ಟುಸಿರು ಬಿಟ್ಟು ತಿದ್ದುತ್ತಿದ್ದರು. ಅವರ ಕೀರ್ತಿ ಎಷ್ಟಿತ್ತೆಂದರೆ ಹೊಸ ಮೀಟರ್ ಕೊಂಡವರೂ ಮೊದಲು ನಮ್ಮಲ್ಲಿಗೆ ತಂದು ತಿದ್ದಿಸಿಕೊಂಡೇ ಬಳಸುತ್ತಿದ್ದರು. ಹೀಗೆ ಊರಿನ ಅಷ್ಟೂ ಮೀಟರ್‌ಗಳು ನಮ್ಮವರ ಎಡಗೈಗೆ ತಲೆಬಾಗಿದವು.

ಊರಿನ ಆರೋಗ್ಯವೋ, ಕೇಳಬೇಡಿ. ಅರವತ್ತು ದಾಟಿದವರಿಗೆಲ್ಲ ಮೇಲಿನ ಅಂಕಿ ನೂರ ಇಪ್ಪತ್ತರ ಆಸುಪಾಸು. ಇಪ್ಪತ್ತು ಇಪ್ಪತ್ತೈದರ ಮಕ್ಕಳಿಗೆ ಎಂಬತ್ತು, ಎಂಬತ್ತೈದು. ಆ ಮಕ್ಕಳೆಲ್ಲರಿಗೂ ಲೋ ಬಿಪಿ. ಆಗ ಕ್ಲಿನಿಕ್ಕಿನಲ್ಲಿದ್ದ ದೊಡ್ಡ ಡಾಕ್ಟರು "ಈಗಿನ ಮಕ್ಕಳಲ್ಲಿ ಸತ್ವವೇ ಇಲ್ಲ, ನಮ್ಮ ಕಾಲದವರದು ಉಕ್ಕಿನ ರಕ್ತನಾಳ" ಎಂದು ಎದೆ ತಟ್ಟಿಕೊಂಡು, ಹುಡುಗರಿಗೆಲ್ಲ ಉಪ್ಪು ನೀರು ಬರೆದುಕೊಡುತ್ತಿದ್ದರು. ಎದುರು ಮನೆಯ ಬೇಕರಿಯವರು ತಮ್ಮ ಮಗಳಿಗೆ ಬೆಳಗ್ಗೆ ಬೆಳಗ್ಗೆ ಒಂದು ಲೋಟ ಉಪ್ಪು ನೀರು ಕುಡಿಸುತ್ತಿದ್ದರು. ಆ ಹುಡುಗಿ ಮುಖ ಕಿವುಚಿಕೊಂಡು ಕುಡಿಯುವುದು ನನ್ನ ಹೊಲಿಗೆ ಯಂತ್ರದ ಬಳಿಯಿಂದಲೇ ಕಾಣುತ್ತಿತ್ತು. ಆಮೇಲೆ ಅವರು 'ಲೋ ಬಿಪಿ ಬನ್' ಎಂದು ಉಪ್ಪು ಹೆಚ್ಚಿಸಿದ ಬನ್ನನ್ನೇ ಮಾಡತೊಡಗಿದರು. ಅದನ್ನು ತಿನ್ನುತ್ತಿದ್ದವರು ಹುಡುಗರಲ್ಲ, ಉಕ್ಕಿನ ರಕ್ತನಾಳದ ಮುದುಕರು.

ನನ್ನನ್ನೂ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಕಾಫಿ ಆದ ಮೇಲೆ ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಿದ್ದರು. ನಾನು "ಸಾಕು ಬಿಡ್ರೀ" ಎಂದು ಗೊಣಗಿದರೂ ಬಿಡುತ್ತಿರಲಿಲ್ಲ. "ನೂರ ಇಪ್ಪತ್ತೆಂಟು. ಕುದುರೆ ಹಾಗಿದ್ದೀಯ" ಎನ್ನುತ್ತಿದ್ದರು. ಹತ್ತು ವರ್ಷದಿಂದ ಅದೇ ನೂರ ಇಪ್ಪತ್ತೆಂಟು, ಅದೇ ಕುದುರೆ.

ಹೀಗಿರುವಾಗ ದೊಡ್ಡ ಡಾಕ್ಟರು ನಿವೃತ್ತರಾಗಿ ಹೊಸ ಡಾಕ್ಟರಮ್ಮ ಬಂದಳು. ನಮ್ಮ ಮಗಳ ವಯಸ್ಸಿನವಳು, ಸಣ್ಣ ಆಳು, ತನ್ನದೇ ಮೀಟರ್ ತಂದಿದ್ದಳು. ಒಂದೇ ವಾರದಲ್ಲಿ ಊರಿನ ಹಿರಿಯರಿಗೆಲ್ಲ ಬಿಪಿ ಇದೆ ಎಂದಳು. ಹುಡುಗರಿಗೆಲ್ಲ ಏನೂ ಇಲ್ಲ, ಉಪ್ಪು ನಿಲ್ಲಿಸಿ ಎಂದಳು.

ಬೇಕರಿಯವರು ಹಿಟ್ಟಿನ ಕೈಯಲ್ಲೇ ನಮ್ಮ ಅಂಗಡಿಗೆ ನುಗ್ಗಿದರು. ಮುಖ ಒಲೆಯ ಮುಂದೆ ನಿಂತಾಗಿನಷ್ಟೇ ಕೆಂಪು. "ಮೇಷ್ಟ್ರೇ, ಅವಳು ಬರೋವರೆಗೂ ಈ ಊರಲ್ಲಿ ಒಬ್ಬರಿಗೂ ಬಿಪಿ ಇರಲಿಲ್ಲ. ಈಗ ನನಗೆ ನೂರ ಎಪ್ಪತ್ತಂತೆ! ಅವಳೇ ತಂದಿರೋದು!"

"ಬಿಪಿ ಏನು ನೆಗಡಿನಾ, ತರೋದಕ್ಕೆ?" ಎಂದೆ ನಾನು.

"ಮೀಟರ್ ಕೆಟ್ಟಿದೆ, ಅಷ್ಟೇ" ಎಂದರು ನಮ್ಮವರು ಸಮಾಧಾನದಿಂದ. "ಹೊಸ ಮಾಲು. ನನ್ನ ಹತ್ರ ಬರಲೇಬೇಕು, ಬರತ್ತೆ."

ಬಂದೇಬಿಟ್ಟಿತು. ಕ್ಲಿನಿಕ್ಕಿನ ಹಳೆಯ ಮೀಟರ್‌ಗಳಿಗೂ ತನ್ನದಕ್ಕೂ ತಾಳೆಯಾಗುತ್ತಿಲ್ಲ ಎಂದು ಆ ಹುಡುಗಿಯೇ ತನ್ನ ಮೀಟರನ್ನು ಪರೀಕ್ಷೆಗೆ ಕಳಿಸಿದಳು. ನಮ್ಮವರು ಪಟ್ಟಿ ಸುತ್ತಿಕೊಂಡು ನೋಡಿದರು. ಮುಳ್ಳು ನೂರ ಅರವತ್ತರಲ್ಲಿ ನಿಂತಿತು. ಪರೀಕ್ಷೆಗೆ ಕೂತ ಜಾಣ ಹುಡುಗನ ಹಾಗೆ ನಕ್ಕು, ತಿರುಪು ತಿರುಗಿಸಿ, ಹಳದಿ ಚೀಟಿ ಅಂಟಿಸಿ ಕಳಿಸಿದರು.

ಮಾರನೆಯ ದಿನ ಬೆಳಗ್ಗೆ ಡಾಕ್ಟರಮ್ಮನೇ ಬಂದಳು. ಕಂಕುಳಲ್ಲಿ ಉದ್ದನೆಯ ಮರದ ಪೆಟ್ಟಿಗೆ. ಅವಳ ಹಿಂದೆಯೇ, ತಮಾಷೆ ನೋಡಲು, ಬೇಕರಿಯವರು.

"ಮೇಷ್ಟ್ರೇ, ಕಾಲೇಜಿಗೆ ಸೇರಿದಾಗಿಂದ ನನ್ನ ಬಿಪಿ ನೂರ ಹತ್ತು. ನೀವು ರಿಪೇರಿ ಮಾಡಿದ ಮೇಲೆ ಎಂಬತ್ತೆರಡು ತೋರಿಸ್ತಿದೆ. ಎಂಬತ್ತೆರಡಿದ್ರೆ ನಾನು ಇಷ್ಟು ದೂರ ನಡ್ಕೊಂಡು ಬರ್ತಿದ್ನಾ?"

"ಈಗಿನ ಮಕ್ಕಳಲ್ವಾಮ್ಮಾ" ಎಂದರು ನಮ್ಮವರು ಕನಿಕರದಿಂದ. "ಸ್ವಲ್ಪ ಉಪ್ಪು ಜಾಸ್ತಿ ತಗೊಳ್ಳಿ."

ಅವಳು ಪೆಟ್ಟಿಗೆ ಬಿಚ್ಚಿದಳು. ಪಾದರಸದ ಕಂಬ. ನಾನು ಒಡೆದ ಕಂಬವೇ ಎದ್ದು ಬಂದಂತೆ ಮೇಜಿನ ಮೇಲೆ ನಿಂತಿತ್ತು.

"ನಿಮ್ಮಲ್ಲೂ ಇದು ಇರಬೇಕಲ್ಲ?" ಎಂದು ಕೇಳಿದಳು.

"ಇತ್ತು. ಬೆಕ್ಕು ಬೀಳಿಸ್ತು" ಎಂದರು ನಮ್ಮವರು, ತಡವರಿಸದೆ.

ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಬೆಕ್ಕು ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಕೇಳಿದವರಿಗೆಲ್ಲ ಇವರು ಇದೇ ಬೆಕ್ಕಿನ ಕಥೆ ಹೇಳುತ್ತಾ ಬಂದಿದ್ದಾರೆ. ಇಂಥ ಮನುಷ್ಯನ ಮೇಲೆ ಪೂರ್ತಿ ಕೋಪ ಮಾಡಿಕೊಳ್ಳುವುದೂ ಕಷ್ಟ.

ಅವಳು ಕಂಬಕ್ಕೂ ಮೀಟರಿಗೂ ಒಂದೇ ಗುಂಡಿನಿಂದ ಗಾಳಿ ಒತ್ತಿದಳು. ಪಾದರಸ ನೂರ ಅರವತ್ತಕ್ಕೆ ಬಂತು. ಮುಳ್ಳು ನೂರ ಇಪ್ಪತ್ತರಲ್ಲೇ ಕೂತಿತ್ತು. ಕಪಾಟಿನಲ್ಲಿದ್ದ ಬೇರೆ ಮೂರು ಮೀಟರ್ ಜೋಡಿಸಿದರೂ ಅದೇ ಪಾಡು. ಇನ್ನೂ ತಿದ್ದದ, ಡಬ್ಬಿಯಲ್ಲೇ ಇದ್ದ ಹೊಸದೊಂದನ್ನು ಜೋಡಿಸಿದಳು. ಅದು ಮಾತ್ರ ಪಾದರಸದ ಜೊತೆ ಹೆಜ್ಜೆಗೆ ಹೆಜ್ಜೆ ಹಾಕಿ ಏರಿತು.

"ನಿಮ್ಮ ಕಂಬವೂ ಕೆಟ್ಟಿರಬೇಕು" ಎಂದರು ನಮ್ಮವರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದೆ ನಾನು.

"ನೀನು ಸುಮ್ನಿರೇ. ನನ್ನ ಕೈ ಇದೆ. ನನ್ನ ಕೈ ನೂರ ಇಪ್ಪತ್ತು."

"ಯಾವಾಗ ನೂರ ಇಪ್ಪತ್ತು?" ಎಂದಳು ಡಾಕ್ಟರಮ್ಮ. ಅವರು ಗತ್ತಿನಿಂದ ಕಂಬ ಒಡೆದ ಹಿಂದಿನ ದಿನದ ಕಥೆ ಹೇಳಿದರು. ಕೇಳುತ್ತಾ ಕೇಳುತ್ತಾ ಅವಳ ಬಾಯಿ ತೆರೆದೇ ಉಳಿಯಿತು. "ಅಂದ್ರೆ ಅವತ್ತಿಂದ ಊರಿನ ಮೀಟರ್‌ಗಳನ್ನೆಲ್ಲ... ನಿಮ್ಮ ಕೈಗೆ..."

"ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಅಷ್ಟೇ ಅಲ್ಲ, ಕೆಳಗಿನ ಅಂಕಿ ಮೊದಲು ಎಂಬತ್ತಿತ್ತು. ಈಗ ಅರವತ್ತಾರಕ್ಕೆ ಇಳಿದಿದೆ. ವಯಸ್ಸಾದ ಹಾಗೆ ನಾನು ಇನ್ನೂ ಗಟ್ಟಿಯಾಗ್ತಿದ್ದೀನಿ!"

"ನೀವಲ್ಲ ಮೇಷ್ಟ್ರೇ, ನಿಮ್ಮ ರಕ್ತನಾಳ ಗಟ್ಟಿಯಾಗ್ತಿದೆ" ಎಂದಳು ಅವಳು, ಕುರ್ಚಿ ಎಳೆದುಕೊಂಡು ಕೂತು. "ಚಿಕ್ಕ ವಯಸ್ಸಲ್ಲಿ ನಾಳ ಮೆತ್ತಗಿರತ್ತೆ. ಹೃದಯ ರಕ್ತ ತಳ್ಳಿದಾಗ ಹಿಗ್ಗತ್ತೆ, ಆಮೇಲೆ ಕುಗ್ಗತ್ತೆ. ವಯಸ್ಸಾದ ಹಾಗೆ ಗೋಡೆ ಬಿರುಸಾಗತ್ತೆ. ಹಿಗ್ಗಲ್ಲ, ಆಗ ತಳ್ಳಿದಾಗಿನ ಒತ್ತಡ ಏರತ್ತೆ. ಕುಗ್ಗೋಕೂ ಆಗಲ್ಲ, ಹಾಗಾಗಿ ಕೆಳಗಿನ ಅಂಕಿ ಏರದೆ ಅಲ್ಲೇ ನಿಲ್ಲತ್ತೆ, ಇಲ್ಲಾ ಇಳಿಯತ್ತೆ. ಎರಡರ ಮಧ್ಯೆ ಅಂತರ ಜಾಸ್ತಿ ಆಗೋದು ಶಕ್ತಿ ಅಲ್ಲ, ಮುಪ್ಪು."

ನಮ್ಮವರ ತಲೆಗೆ ಹೊಕ್ಕಿತೋ ಇಲ್ಲವೋ, ನನ್ನ ತಲೆಗೆ ಹೊಕ್ಕಿತು. ಪಕ್ಕದ ಬುಟ್ಟಿಯಲ್ಲಿ ಬದಲಿಸಿ ಬಿಸಾಡಿದ ಹಳೆಯ ರಬ್ಬರ್ ಚೀಲಗಳಿದ್ದವು. ಒಂದನ್ನು ಎತ್ತಿ ಚಿವುಟಿದೆ. ಹಲಗೆಯಂತೆ ಬಿರುಸು. ಇಂಥದ್ದಕ್ಕೆ ಗಾಳಿ ತುಂಬುವುದಕ್ಕೆ ಎಷ್ಟು ಒತ್ತಬೇಕು, ಎಷ್ಟು ಬೇಗ ಕೈ ಸೋಲುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಎದೆಯೊಳಗಿನ ಆ ಪಾಪದ ಮುಷ್ಟಿ ಹಗಲೂ ರಾತ್ರಿ ಹಾಗೆ ಒತ್ತುತ್ತಿದೆ ಎಂದುಕೊಂಡು ನನಗೆ ಹೆದರಿಕೆಯಾಯಿತು. ನಿಜವಾಗಿ ಹೆದರಿದೆ. ಇವರಿಗೆ ಏನಾದರೂ ಆದರೆ ನಾನು ಯಾರನ್ನು ಬೈಯಲಿ?

"ಈ ಕಂಬದಲ್ಲಿ ಒಂದ್ಸಲ ಕೈ ತೋರಿಸ್ರೀ" ಎಂದೆ.

"ಈವತ್ತು ಕೆಲಸ ಜಾಸ್ತಿ ಇದೆ."

"ಎರಡು ನಿಮಿಷದ ಮಾತು. ಜಾಸ್ತಿ ಇದ್ರೆ ಒಂದು ಮಾತ್ರೆ ತಗೊಂಡ್ರಾಯ್ತು."

"ಮಾತ್ರೆ ತಗೊಂಡ್ರೆ ನನ್ನ ಕೈ ತಪ್ಪು ಅಂತಾಯ್ತು. ನನ್ನ ಕೈ ತಪ್ಪು ಅಂದ್ರೆ ಇಪ್ಪತ್ತೆರಡು ವರ್ಷದ ಕೆಲಸ ತಪ್ಪು. ಆಗಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಎಷ್ಟು ಹೊತ್ತು ವಾದ ಮಾಡುವುದು? ನನ್ನ ಹಿಂದಲೆ ಸಿಡಿಯತೊಡಗಿತು. ಅವರ ಮೇಜಿನಿಂದ ಒಂದು ಹಳದಿ ಚೀಟಿ ಎಳೆದೆ. 'ಪರೀಕ್ಷಿಸಿದ ದಿನ' ಎಂಬಲ್ಲಿ ಇಪ್ಪತ್ತೆರಡು ವರ್ಷದ ಹಿಂದಿನ ತಾರೀಖು ಬರೆದೆ. ಕಂಬ ಒಡೆದ ದಿನ ನನಗೆ ಮರೆಯುತ್ತದೆಯೇ? 'ಮುಂದಿನ ಪರೀಕ್ಷೆ' ಎಂಬಲ್ಲಿ ಇಪ್ಪತ್ತೊಂದು ವರ್ಷದ ಹಿಂದಿನದು. ಅವರ ಎಡತೋಳಿನ ಮೇಲೆ ಪಟ್ಟನೆ ಬಡಿದು ಅಂಟಿಸಿದೆ.

"ಅವಧಿ ಮುಗಿದ ಮೀಟರ್ ಇಟ್ಕೊಂಡವರಿಗೆ ನೀವು ಏನಂತ ಬೈತೀರಿ? ಹೇಳ್ರೀ ಈಗ."

ಬೇಕರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮವರ ಕಿವಿ ಕೆಂಪಾಯಿತು, ಚೀಟಿಯನ್ನು ಮಾತ್ರ ಕೀಳಲಿಲ್ಲ. ತಮ್ಮ ಚೀಟಿಯ ಮೇಲೆ ಅವರಿಗೆ ಅಷ್ಟು ಗೌರವ. ಆದರೆ ಹಟ ಬಿಡಬೇಕಲ್ಲ!

"ಸರಿ, ನನ್ನ ಕೈ ಬೇಡ. ಇವಳ ಕೈ ನೋಡಿ" ಎಂದು ನನ್ನನ್ನೇ ಮುಂದಕ್ಕೆ ತಳ್ಳಿದರು. "ಪ್ರತಿ ಭಾನುವಾರ ನಾನೇ ನೋಡ್ತೀನಿ. ನೂರ ಇಪ್ಪತ್ತೆಂಟು. ಇವಳ ವಿಷಯದಲ್ಲಿ ನಾನು ತಪ್ಪು ಮಾಡಲ್ಲ. ಅದರ ಮೇಲೆ ನಾಲ್ಕು ಗೆರೆ ಬಂದ್ರೆ ಅಂಗಡಿ ಬಾಗಿಲು ಹಾಕ್ತೀನಿ."

ನಾನು ಕೂತೆ. ಪಟ್ಟಿ ನಾನೇ ಹೊಲಿದದ್ದು. ಡಾಕ್ಟರಮ್ಮ ಗಾಳಿ ಒತ್ತಿದಳು, ನಿಧಾನಕ್ಕೆ ಬಿಟ್ಟಳು. ಬಿಡುವಾಗ ಅವಳ ಹುಬ್ಬು ಮೇಲಕ್ಕೆ ಹೋಯಿತು. ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ನಮ್ಮವರ ಕೈಗೆ ಕೊಟ್ಟಳು.

ಅವರು ನನ್ನ ಪಕ್ಕ ಮಂಡಿಯೂರಿ ಕೂತು ಒತ್ತಿದರು. ಪಾದರಸ ಮೇಲಕ್ಕೆ ಏರಿತು, ಆಮೇಲೆ ಇಳಿಯತೊಡಗಿತು. ಮತ್ತೆ ಒತ್ತಿದರು. ಮೂರನೆಯ ಸಲವೂ ಒತ್ತಿದರು.

"ಎಷ್ಟು?" ಎಂದೆ.

"ನೂರ ಎಪ್ಪತ್ತೆರಡು" ಎಂದರು. ದನಿ ಅವರದಾಗಿರಲಿಲ್ಲ. "ಪ್ರತಿ ಭಾನುವಾರ ನೋಡ್ತಿದ್ನಲ್ಲೇ... ಕುದುರೆ ಹಾಗಿದ್ದೀಯ ಅಂತಿದ್ನಲ್ಲೇ..."

ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ ಹೇಳುವುದು ಸುಲಭ. ಆ ಕತ್ತಲೆಯಲ್ಲಿ ತನ್ನ ಹೆಂಡತಿ ಕೂತಿದ್ದಾಳೆ ಎಂದು ಗೊತ್ತಾದರೆ ದೀಪ ಏನು ಮಾಡಬೇಕು? ಬೇಕರಿಯವರು ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದರು.

ನಮ್ಮವರು ಎದ್ದು ಅಂಗಡಿಯ ಬಾಗಿಲು ಹಾಕಿದರು. ಆಡಿದ ಮಾತಿಗೆ ತಪ್ಪುವವರಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಿಸಿ, ಹಳದಿ ಚೀಟಿಯ ಕೈಯನ್ನು ಡಾಕ್ಟರಮ್ಮನ ಮುಂದೆ ಚಾಚಿದರು. "ನೋಡಿಬಿಡಮ್ಮ" ಎಂದರು. ನೂರ ಅರವತ್ತನಾಲ್ಕು ಬಂತು.

"ಅಯ್ಯೋ, ಇವಳಿಗಿಂತ ಕಮ್ಮಿ!" ಎಂದುಬಿಟ್ಟರು. ಗಂಡಸರ ಬುದ್ಧಿ ಎಲ್ಲಿ ಹೋಗುತ್ತದೆ.

ಅಂಗಡಿ ಬಹಳ ದಿನವೇನೂ ಮುಚ್ಚಿರಲಿಲ್ಲ, ಮೂರೇ ದಿನ. ಆ ಮೂರು ದಿನ ನಮ್ಮವರು ಕ್ಲಿನಿಕ್ಕು, ಹೆರಿಗೆ ಆಸ್ಪತ್ರೆ, ಮನೆಮನೆ ತಿರುಗಿ, "ತಪ್ಪು ನನ್ನದು, ಮೀಟರ್ ಕೊಡಿ" ಎಂದು ಒಂದೊಂದನ್ನೂ ವಾಪಸ್ ತಂದರು. ಕೆಲವರು ಬೈದರು, ಕೆಲವರು ನಕ್ಕರು. ಹೋದ ವರ್ಷ ಬಾಯಿ ಸೊಟ್ಟಗಾಗಿ ಒಂದು ಕಾಲು ಎಳೆಯುವಂತಾದ ಅಂಚೆಯವರ ಮನೆಯಲ್ಲಿ ಮಾತ್ರ ಒಂದು ಗಂಟೆ ಕೂತು ಬಂದರು. ಅವರ ಮೀಟರಿನಲ್ಲೂ ನಮ್ಮ ಚೀಟಿಯೇ ಇತ್ತು. ಅಂಚೆಯವರು "ದಿನಕ್ಕೆ ಇಪ್ಪತ್ತು ಬೀಡಿ ಸೇದ್ತಿದ್ದವನು ನಾನು, ನೀವಲ್ಲ" ಎಂದರಂತೆ. ಆದರೂ ಅವತ್ತು ಇವರು ಊಟ ಮಾಡಲಿಲ್ಲ, ನಾನೂ ಬಲವಂತ ಮಾಡಲಿಲ್ಲ.

ಕಂಬವನ್ನು ಡಾಕ್ಟರಮ್ಮ ನಮ್ಮಲ್ಲೇ ಬಿಟ್ಟಳು. "ಕ್ಲಿನಿಕ್ಕಿಗಿಂತ ನಿಮಗೇ ಇದರ ಅಗತ್ಯ ಇದೆ. ಬೆಕ್ಕು ಒಳಗೆ ಬರದ ಹಾಗೆ ನೋಡ್ಕೊಳ್ಳಿ" ಎಂದಳು. "ಬೆಕ್ಕು ಇಲ್ಲೇ ಕೂತಿದೆಯಮ್ಮ, ಪಟ್ಟಿ ಹೊಲೀತಿದೆ" ಎಂದೆ ನಾನು. ಇಪ್ಪತ್ತೆರಡು ವರ್ಷದ ಭಾರ ಇಳಿಯಿತು. ನಮ್ಮವರು ಮಾತ್ರ "ಹಾಗೇನಿಲ್ಲ, ಬೆಕ್ಕೇ" ಎಂದು ಕೊನೆಯವರೆಗೂ ಸಾಧಿಸಿದರು.

ಒಂದೇ ತಿಂಗಳಲ್ಲಿ ಊರಿನ ಮುದುಕರೆಲ್ಲ ರೋಗಿಗಳಾದರು, ಮಕ್ಕಳೆಲ್ಲ ಗುಣವಾದರು. ಬೇಕರಿಯವರ ಮಗಳು ಕೊನೆಯ ಲೋಟ ಉಪ್ಪು ನೀರನ್ನು ಅಪ್ಪನ ಎದುರೇ ಚರಂಡಿಗೆ ಚೆಲ್ಲಿದಳು. ಲೋ ಬಿಪಿ ಬನ್ ಹೋಗಿ ಉಪ್ಪಿಲ್ಲದ ಬನ್ ಬಂತು. ಅದನ್ನು ಯಾರೂ ಬಾಯಿಗಿಡುತ್ತಿಲ್ಲ.

ಈಗ ನಮ್ಮಿಬ್ಬರಿಗೂ ಬೆಳಗ್ಗೆ ಒಂದೊಂದು ಮಾತ್ರೆ, ಸಂಜೆ ಜೊತೆಯಲ್ಲಿ ಮಾರುಕಟ್ಟೆಯವರೆಗೆ ನಡಿಗೆ. ಮೊನ್ನೆ ಭಾನುವಾರ ಅವರು ಕಂಬದಲ್ಲಿ ನನ್ನನ್ನು ನೋಡಿ "ನೂರ ಮೂವತ್ತನಾಲ್ಕು" ಎಂದರು. ಕುದುರೆಯ ಮಾತು ಎತ್ತಲಿಲ್ಲ.

"ತಲೆನೋವೂ ಈಗ ಅಷ್ಟಿಲ್ಲ ಕಣ್ರೀ" ಎಂದೆ. "ಎಲ್ಲ ತಲೆನೋವೂ ಬಿಪಿಯಿಂದ ಬರಲ್ಲ ಅಂದ್ಲು ಡಾಕ್ಟರಮ್ಮ. ಆದ್ರೂ ಯೋಚನೆ ಮಾಡಿದ್ರೆ ಬೇಜಾರಾಗತ್ತೆ. ಇಷ್ಟು ವರ್ಷ ತಲೆ ನೋವು ಬಂದಾಗೆಲ್ಲ ನಿಮ್ಮಿಂದಲೇ ಬಂತು ಅಂತ ಸುಮ್ಸುಮ್ನೆ ಬೈದೆ."

ಅವರು ಪಟ್ಟಿಯನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟರು.

"ಸುಮ್ಸುಮ್ನೆ ಎಲ್ಲಿ ಬೈದೆ? ಸರಿಯಾಗೇ ಬೈದಿದ್ದೀಯ" ಎಂದರು. "ಇಷ್ಟು ವರ್ಷ ಈ ಊರಲ್ಲಿ ಸರಿಯಾಗಿ ಕೆಲಸ ಮಾಡ್ತಿದ್ದ ಮೀಟರ್ ಅಂದ್ರೆ ನೀನೊಬ್ಬಳೇ."

ಸಂಜೆ ಇಬ್ಬರೂ ಮಾರುಕಟ್ಟೆಗೆ ಹೊರಟೆವು. ವಾಪಸ್ ಬರುವಾಗ ತರಕಾರಿ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು ಎಡಗೈಯಲ್ಲಿ ಹಿಡಿದರು.